ಕ್ಯಾನ್ಸರ್ ಆಪರೇಷನ್ ಆದ ಹಿರಿಯರು ಮನೆಗೆ ಬಂದ ಮೇಲೆ: ಮೊದಲ ಆರು ವಾರದ ಆರೈಕೆ

ಮಾವನಿಗೆ ಆಗ 76 ವರ್ಷ. ಮುಂಬೈಯ ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕೂತವರು. ದೊಡ್ಡ ಕರುಳಿನ ಕೊನೆಯಲ್ಲಿ, ಮಲದ್ವಾರದ ಹತ್ತಿರವೇ ಗಡ್ಡೆ ಇತ್ತು. ಆ ಭಾಗವನ್ನು ಪೂರ್ತಿ ತೆಗೆದು, ಹೊಟ್ಟೆಯ ಎಡಗಡೆ ಮಲ ಹೊರಗೆ ಬರಲು ದಾರಿ ಮಾಡಿದರು. ಅದರ ಮೇಲೆ ಒಂದು ಬ್ಯಾಗ್. ಹನ್ನೊಂದನೇ ದಿನ ಡೊಂಬಿವಲಿಯ ಮನೆಗೆ ಕರಕೊಂಡು ಬಂದೆವು.

ಮಂಚದ ಮೇಲೆ ಕೂರಿಸುತ್ತಲೇ ಅತ್ತೆ ಹೇಳಿದರು, "ನೀವು ಇನ್ನು ಏನೂ ಮಾಡ್ಬೇಡಿ. ಸುಮ್ನೆ ಮಲಗಿ. ಎಲ್ಲ ನಾವು ನೋಡ್ಕೊಳ್ತೇವೆ." ನಮ್ಮ ಮನೆಗಳಲ್ಲಿ ಪ್ರೀತಿ ಅಂದರೆ ಇದೇ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ನೀರು ಕೈಗೆ ಕೊಟ್ಟೆವು, ಊಟ ಬಾಯಿಗೆ ಕೊಟ್ಟೆವು, ನಾಲ್ಕು ದಿನ ಮಲಗಿಸಿಯೇ ಇಟ್ಟೆವು. ಐದನೇ ದಿನ ಎದೆಯಲ್ಲಿ ಕಫ ಗೊರಗೊರ ಅನ್ನತೊಡಗಿತು. ಎದ್ದು ನಿಂತರೆ ಕಾಲು ನಡುಗುತ್ತಿತ್ತು. ಮತ್ತೆ ಆಸ್ಪತ್ರೆಗೆ ಓಡಿದೆವು.

ಆಮೇಲೆ ನನಗೆ ಗೊತ್ತಾಯಿತು. ಆರೋಗ್ಯವಾಗಿರುವ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿಟ್ಟು ಪರೀಕ್ಷೆ ಮಾಡಿದ್ದಾರೆ. ಅಷ್ಟರಲ್ಲೇ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ಆಪರೇಷನ್ ಆದವರ ಗತಿ ಏನು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ನಿಮ್ಮ ಡಾಕ್ಟರ್ ಹೇಳಿದ್ದು ಇದಕ್ಕಿಂತ ಬೇರೆ ಇದ್ದರೆ ಅವರ ಮಾತೇ ಕೇಳಿ. ಆದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಯದ ಎಷ್ಟೋ ವಿಷಯ ಮನೆಯಲ್ಲಿ ಎದುರಾಗುತ್ತವೆ. ಅವುಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಆಸ್ಪತ್ರೆ ಬಿಡುವ ಮೊದಲು

ಡಿಸ್ಚಾರ್ಜ್ ದಿನ ಬಿಲ್ಲು, ಔಷಧಿ, ಟ್ಯಾಕ್ಸಿ ಅಂತ ಓಡಾಟವೇ ಆಗುತ್ತದೆ. ಆದ್ದರಿಂದ ಹಿಂದಿನ ದಿನವೇ ಒಂದು ನೋಟ್‌ಬುಕ್ ಹಿಡಿದು ಕೂತು ಕೇಳಿ. ಏನು ತೆಗೆದಿದ್ದಾರೆ? ಹೊಲಿಗೆ ಯಾವತ್ತು ಬಿಚ್ಚುತ್ತಾರೆ? ಮೊದಲು ತಗೊಳ್ಳುತ್ತಿದ್ದ ಬಿಪಿ, ಶುಗರ್ ಮಾತ್ರೆಗಳಲ್ಲಿ ಯಾವುದನ್ನು ಮತ್ತೆ ಶುರು ಮಾಡಬೇಕು, ಯಾವುದನ್ನು ಬೇಡ? ಆಸ್ಪಿರಿನ್ ತಗೊಳ್ಳುವವರಾದರೆ ಅದನ್ನು ಯಾವಾಗಿನಿಂದ? ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಬಯಾಪ್ಸಿ ರಿಪೋರ್ಟ್ ಯಾವ ಕೌಂಟರಿನಲ್ಲಿ, ಯಾವತ್ತು ಸಿಗುತ್ತದೆ? ಉತ್ತರಗಳನ್ನು ಕನ್ನಡದಲ್ಲೇ ಬರೆದುಕೊಳ್ಳಿ. ರೋಗಿಯೂ ಓದುವಂತಿರಬೇಕು.

ಹೊಟ್ಟೆಯ ದೊಡ್ಡ ಕ್ಯಾನ್ಸರ್ ಆಪರೇಷನ್ ಆದವರಿಗೆ ರಕ್ತ ಹೆಪ್ಪುಗಟ್ಟದಂತೆ ಚರ್ಮದಡಿಗೆ ಕೊಡುವ ಇಂಜೆಕ್ಷನ್ ಬರೆಯುತ್ತಾರೆ. ಎಷ್ಟೋ ಜನರಿಗೆ ಇದು ನಾಲ್ಕು ವಾರದ ತನಕ ಇರುತ್ತದೆ. ಮನೆಯಲ್ಲಿ ಯಾರು ಚುಚ್ಚುತ್ತಾರೆ ಎಂಬುದನ್ನು ಅಲ್ಲೇ ತೀರ್ಮಾನಿಸಿ, ಆ ವ್ಯಕ್ತಿ ನರ್ಸ್ ಮುಂದೆ ಒಂದು ಸಲ ಚುಚ್ಚಿ ಕಲಿಯಲಿ. ಬ್ಯಾಗ್ ಬದಲಿಸುವುದೂ ಹಾಗೇ. ನೋಡಿ ಕಲಿತದ್ದು ಸಾಲದು. ಸ್ವಂತ ಕೈಯಿಂದ ಎರಡು ಸಲವಾದರೂ ಮಾಡಿರಬೇಕು.

ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯಿಂದ ಮುಂಬೈಗೆ ಬಂದು ಆಪರೇಷನ್ ಮಾಡಿಸಿಕೊಳ್ಳುವ ಕನ್ನಡಿಗರು ತುಂಬ ಇದ್ದಾರೆ. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ಇದೆ, ನಮ್ಮ ಊರುಗಳಿಂದ ಅಲ್ಲಿಗೆ ಬರುವವರಿಗೆ ಲೆಕ್ಕವಿಲ್ಲ. ಅಂಥವರಿಗೆ ನನ್ನ ಮಾತು ಒಂದೇ: ಡಿಸ್ಚಾರ್ಜ್ ಆಯ್ತು ಅಂತ ಅವತ್ತೇ ರಾತ್ರಿ ರೈಲು ಹತ್ತಬೇಡಿ. ಮೊದಲ ರಿವ್ಯೂ ಮುಗಿಯುವ ತನಕ ಹತ್ತಿರದಲ್ಲೇ ಇರಿ. ಪರೇಲ್‌ನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿ ಇದೆ, ದಾದರ್‌ನಲ್ಲಿ ಗಾಡಗೆ ಮಹಾರಾಜ್ ಧರ್ಮಶಾಲೆ ಇದೆ. ರೂಮಿಗೆ ಬೇಡಿಕೆ ಜಾಸ್ತಿ. ಆಪರೇಷನ್‌ಗೆ ಮುಂಚೆಯೇ ಆಸ್ಪತ್ರೆಯ ಸೋಷಿಯಲ್ ವರ್ಕರ್ ಹತ್ತಿರ ಮಾತಾಡಿಡಿ.

ಖರ್ಚಿನ ವಿಷಯವನ್ನೂ ಅವರ ಹತ್ತಿರವೇ ಕೇಳಿ. 70 ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆದಾಯ ಎಷ್ಟೇ ಇದ್ದರೂ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಕಾರ್ಡ್ ಮಾಡಿಸದೇ ಇರುವ ಮನೆಗಳು ಎಷ್ಟೋ.

ಟ್ಯಾಕ್ಸಿಯಲ್ಲಿ ಬರುವಾಗ ಹೊಟ್ಟೆಗೂ ಸೀಟ್ ಬೆಲ್ಟಿಗೂ ನಡುವೆ ಒಂದು ಮೆತ್ತನೆ ದಿಂಬು ಇಡಿ. ಹೊರಡುವ ಮುಂಚೆ ಬ್ಯಾಗ್ ಖಾಲಿ ಮಾಡಿ. ಸಂಜೆಯ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳದಂತೆ ಮಧ್ಯಾಹ್ನವೇ ಹೊರಡಿ.

ಮನೆಯನ್ನು ಅವರ ಕಣ್ಣಿನಿಂದ ನೋಡಿ

ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಪ್ರತಿ ತಿರುವಿನಲ್ಲೂ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ಮಾವ ಹತ್ತು ಮೆಟ್ಟಿಲು ಹತ್ತಿ ಕೂತರು, ಮತ್ತೆ ಹತ್ತಿದರು. ಎತ್ತಿಕೊಂಡು ಹೋಗುವ ಯೋಚನೆ ಬಿಡಿ. ಹೊಟ್ಟೆ ಮಡಚಿ ನೋವಾಗುತ್ತದೆ, ಕೈ ಜಾರಿದರೆ ಇಬ್ಬರೂ ಬೀಳುತ್ತೀರಿ.

ಮಂಚ ಮೊಣಕಾಲಿನಷ್ಟು ಎತ್ತರ ಇರಲಿ. ನೆಲದ ಮೇಲಿನ ಹಾಸಿಗೆಯಿಂದ ಅವರು ಏಳಲಾರರು. ಮುಂಬೈ ಮನೆಗಳ ಬಾತ್‌ರೂಮಿಗೆ ಒಂದು ಗಿಡ್ಡ ಕಟ್ಟೆ ಇರುತ್ತದಲ್ಲ, ರಾತ್ರಿ ಕಾಲಿಗೆ ತಾಗುವುದು ಅದೇ. ಅದರ ಅಂಚಿಗೆ ಬಿಳಿ ಟೇಪ್ ಅಂಟಿಸಿ, ಪಕ್ಕದ ಗೋಡೆಗೆ ಹಿಡಿಕೆ ಹಾಕಿಸಿ, ಸಣ್ಣ ದೀಪ ಇಡೀ ರಾತ್ರಿ ಉರಿಯಲಿ. ಕಾಲೊರಸು, ಚಾಪೆ ದಾರಿಯಿಂದ ತೆಗೆಯಿರಿ. ಸವೆದ ಹವಾಯಿ ಚಪ್ಪಲಿ ಬೇಡ. ಪಂಚೆ ಉಡುವವರಾದರೆ ನೆಲಕ್ಕೆ ತಾಗದಂತೆ ಉಡಲಿ. ಅದರ ಗಂಟು ಬ್ಯಾಗಿನ ಜಾಗದ ಮೇಲೆ ಬರಬಾರದು. ನಾವು ಕೊನೆಗೆ ಸಡಿಲ ಎಲಾಸ್ಟಿಕ್ ಪೈಜಾಮ ತಂದೆವು. ಮಾವನಿಗೆ ಅದು ಒಗ್ಗಲು ಒಂದು ವಾರ ಹಿಡಿಯಿತು.

ಮಲದ್ವಾರದ ಜಾಗದಲ್ಲೂ ಗಾಯ ಇದ್ದವರು ಮೆತ್ತನೆ ದಿಂಬಿನ ಮೇಲೆ ಕೂರಬೇಕು. ನಡುವೆ ತೂತಿರುವ ಟ್ಯೂಬಿನಂಥ ದಿಂಬು ಬೇಡ. ಮೂಲವ್ಯಾಧಿಯವರು ಅದನ್ನು ಬಳಸುತ್ತಾರೆ ಅಂತ ಪಕ್ಕದ ಮನೆಯವರು ತಂದುಕೊಟ್ಟಿದ್ದರು. ಆದರೆ ಅದು ಗಾಯವನ್ನು ಎರಡೂ ಕಡೆಗೆ ಎಳೆಯುತ್ತದೆ. ಒಂದೇ ಸಮ ಗಂಟೆಗಟ್ಟಲೆ ಕೂರುವುದೂ ಬೇಡ. ನಡುವೆ ಪಕ್ಕಕ್ಕೆ ಹೊರಳಿ ಮಲಗಲಿ.

ಏಳುವುದು, ಉಸಿರು, ನಡಿಗೆ

ಇದೇ ಆರೈಕೆಯ ಅರ್ಧ ಭಾಗ. ಔಷಧಿಗೆ ಕೊಡುವಷ್ಟೇ ಗಮನ ಇದಕ್ಕೂ ಕೊಡಿ.

ಮೊದಲು ಏಳುವ ರೀತಿ. ಮಲಗಿದಲ್ಲಿಂದ ನೇರ ಎದ್ದು ಕೂತರೆ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ಮೊಣಕಾಲು ಮಡಚಿ, ಇಡೀ ಮೈ ಒಟ್ಟಿಗೇ ಪಕ್ಕಕ್ಕೆ ಹೊರಳಬೇಕು. ಆಮೇಲೆ ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟು, ಮೊಣಕೈ ಊರಿ ಮೇಲೇಳಬೇಕು. ಎದ್ದ ಮೇಲೆ ಒಂದೆರಡು ನಿಮಿಷ ಕೂತೇ ಇರಲಿ. ಹಿರಿಯರಿಗೆ ತಟ್ಟನೆ ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ನೀವು ಕೈ ಹಿಡಿದು ಎಳೆಯಬೇಡಿ. ಪಕ್ಕದಲ್ಲಿ ನಿಂತಿರಿ, ಸಾಕು.

ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಒಂದು ಸಾಧನ, ಸ್ಪೈರೋಮೀಟರ್, ಕೊಟ್ಟಿರುತ್ತಾರೆ. ನಾವು ಮಾಡಿದ ತಪ್ಪು ಇಲ್ಲೂ ಇತ್ತು. ಮಾವ ಅದನ್ನು ನಾಲ್ಕು ದಿನ ಊದುತ್ತಿದ್ದರು. ಚೆಂಡು ಏಳುತ್ತಿರಲಿಲ್ಲ, ಸುಸ್ತಾಗಿ ಬದಿಗಿಡುತ್ತಿದ್ದರು. ಅದು ಊದುವುದಲ್ಲ, ಎಳನೀರಿಗೆ ಸ್ಟ್ರಾ ಹಾಕಿ ಎಳೆಯುವ ಹಾಗೆ ಉಸಿರನ್ನು ಒಳಗೆ ಎಳೆಯುವುದು. ನಿಧಾನವಾಗಿ ಎಳೆದು, ಎರಡು ಮೂರು ಸೆಕೆಂಡ್ ಹಿಡಿದು ಬಿಡಬೇಕು. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ. ಮೂರೂ ಚೆಂಡು ಏಳಲೇಬೇಕು ಅಂತಿಲ್ಲ. ನಿನ್ನೆಗಿಂತ ಇವತ್ತು ಚೆನ್ನಾಗಿದ್ದರೆ ಆಯ್ತು. ಕಫ ಬಂದರೆ ತಡೆಯಬಾರದು. ಒಂದು ದಿಂಬನ್ನು ಹೊಟ್ಟೆಗೆ ಗಟ್ಟಿಯಾಗಿ ಒತ್ತಿ ಹಿಡಿದು ಕೆಮ್ಮಲಿ. "ಹೊಲಿಗೆ ಬಿಚ್ಚಿ ಹೋದೀತು" ಅನ್ನುವ ಹೆದರಿಕೆಯಿಂದಲೇ ಹಿರಿಯರು ಕೆಮ್ಮುವುದಿಲ್ಲ, ಕಫ ಒಳಗೇ ಕೂತು ನ್ಯುಮೋನಿಯಾ ಆಗುತ್ತದೆ.

ನಡಿಗೆಯನ್ನು ಮೊದಲ ದಿನವೇ ಶುರು ಮಾಡಿ. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ. ಮಾವ ಹೋಟೆಲಿನ ಲೆಕ್ಕದವರಲ್ವಾ, ಹೆಜ್ಜೆ ಎಣಿಸಿ ಬರೆದಿಟ್ಟರು. ಎರಡನೇ ವಾರ ಕಾರಿಡಾರಿನ ತುದಿ, ನಾಲ್ಕನೇ ವಾರ ಕೆಳಗಿನ ಹಾಲಿನ ಅಂಗಡಿ. ಕೂತಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ, ಕಾಲಿನಲ್ಲಿ ರಕ್ತ ನಿಲ್ಲುವುದಿಲ್ಲ. ಒಂದು ಎಚ್ಚರಿಕೆ: ಆರರಿಂದ ಎಂಟು ವಾರ ಭಾರ ಎತ್ತಬಾರದು. ತುಂಬಿದ ಬಕೆಟ್ ಬೇಡ, ಅಕ್ಕಿ ಚೀಲ ಬೇಡ, ಮೊಮ್ಮಗುವನ್ನು ಎತ್ತುವುದೂ ಬೇಡ. ಮಗುವನ್ನು ಮಂಚದ ಮೇಲೆ ಅವರ ಪಕ್ಕದಲ್ಲಿ ಕೂರಿಸಿ.

ಬ್ಯಾಗಿನ ಆರೈಕೆ

ಎಲ್ಲ ಆಪರೇಷನ್‌ನಲ್ಲೂ ಬ್ಯಾಗ್ ಇರುವುದಿಲ್ಲ. ಇಲ್ಲದವರು ಮುಂದಿನ ಭಾಗಕ್ಕೆ ಹೋಗಬಹುದು. ಇದ್ದವರ ಮನೆಯಲ್ಲಿ ಮಾತ್ರ ಇದರಷ್ಟು ಕಣ್ಣೀರು ತರಿಸುವ ವಿಷಯ ಇನ್ನೊಂದಿಲ್ಲ.

ಹೊಟ್ಟೆಯ ಮೇಲೆ ಕಾಣುವ ಕರುಳಿನ ತುದಿಗೆ ಸ್ಟೋಮಾ ಅನ್ನುತ್ತಾರೆ. ಅದು ಕೆಂಪಾಗಿ, ಒದ್ದೆಯಾಗಿ, ಬಾಯಿಯ ಒಳಗಿನ ಚರ್ಮದ ಹಾಗೆ ಇರಬೇಕು. ಮುಟ್ಟಿದರೆ ನೋಯುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ. ಆದರೆ ನೀಲಿಗಟ್ಟಿದರೆ, ಕಪ್ಪಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ಬ್ಯಾಗ್ ಮೂರನೇ ಒಂದರಿಂದ ಅರ್ಧ ತುಂಬುವಾಗಲೇ ಖಾಲಿ ಮಾಡಬೇಕು. ತುಂಬಿದರೆ ಭಾರಕ್ಕೆ ಅಂಟು ಬಿಡುತ್ತದೆ. ಚರ್ಮಕ್ಕೆ ಅಂಟುವ ಪ್ಲೇಟನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸುತ್ತೇವೆ. ಮುಂಬೈ ಸೆಕೆಗೆ ಬೆವರಿ ಕೆಲವೊಮ್ಮೆ ಮೊದಲೇ ಬಿಡುತ್ತದೆ. ಬದಲಿಸುವ ಕ್ರಮ ಹೀಗೆ:

1. ಬೆಳಿಗ್ಗೆ, ತಿಂಡಿಗೆ ಮುಂಚೆ ಮಾಡಿ. ಆಗ ಹೊರಗೆ ಬರುವುದು ಕಡಿಮೆ.
2. ಬೇಕಾದ್ದನ್ನೆಲ್ಲ ಮೊದಲೇ ಜೋಡಿಸಿಡಿ: ಹೊಸ ಪ್ಲೇಟ್, ಬ್ಯಾಗ್, ಕತ್ತರಿ, ಅಳತೆಯ ಕಾಗದ, ಮೆತ್ತನೆ ಹಳೇ ಬಟ್ಟೆ, ಉಗುರುಬೆಚ್ಚನೆ ನೀರು, ಕಸಕ್ಕೆ ಒಂದು ಕವರ್.
3. ಹಳೇ ಪ್ಲೇಟನ್ನು ಕೀಳಬೇಡಿ. ಒಂದು ಕೈಯಿಂದ ಚರ್ಮ ಒತ್ತಿ ಹಿಡಿದು, ಇನ್ನೊಂದರಿಂದ ಮೇಲಿನಿಂದ ಕೆಳಗೆ ನಿಧಾನ ಬಿಡಿಸಿ.
4. ಬರೀ ನೀರಿನಿಂದ ತೊಳೆಯಿರಿ. ಡೆಟಾಲ್ ಬೇಡ, ಪರಿಮಳದ ಸೋಪು ಬೇಡ, ಎಣ್ಣೆಯಂತೂ ಬೇಡವೇ ಬೇಡ. ಎಣ್ಣೆ ಇದ್ದಲ್ಲಿ ಅಂಟು ಹಿಡಿಯುವುದಿಲ್ಲ.
5. ಚರ್ಮ ಪೂರ್ತಿ ಒಣಗಲಿ.
6. ಸ್ಟೋಮಾವನ್ನು ಅಳೆಯಿರಿ. ಮೊದಲ ಆರೆಂಟು ವಾರ ಅದು ಕುಗ್ಗುತ್ತಾ ಹೋಗುತ್ತದೆ, ಪ್ರತಿ ಸಲ ಅಳೆಯಲೇಬೇಕು. ಪ್ಲೇಟಿನ ತೂತು ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಜಾಸ್ತಿ ದೊಡ್ಡದಾದರೆ ಮಲ ತಾಗಿ ಚರ್ಮ ಸುಡುತ್ತದೆ.
7. ಅಂಟಿಸಿದ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಅದರ ಮೇಲಿಡಿ. ಮೈಯ ಬಿಸಿಗೆ ಅಂಟು ಗಟ್ಟಿಯಾಗಿ ಕೂರುತ್ತದೆ.

ಈ ಏಳು ಸಾಲಿನ ಕೆಲಸ ಕಷ್ಟವಲ್ಲ. ಕಷ್ಟ ಇದ್ದದ್ದು ಬೇರೆ ಕಡೆ. ಮಾವ ನನ್ನನ್ನು ಹತ್ತಿರ ಬರಗೊಡಲಿಲ್ಲ. ಸೊಸೆಯ ಮುಂದೆ ಹೊಟ್ಟೆ ತೆರೆದು ಮಲಗುವುದಾ? ಅವರು ಗೋಡೆ ಕಡೆ ಮುಖ ತಿರುಗಿಸಿದರು. ಅತ್ತೆಗೆ ನೋಡಿದರೆ ತಲೆ ಸುತ್ತುತ್ತಿತ್ತು. ನಮ್ಮವರು ಬೆಳಿಗ್ಗೆ ಆರೂವರೆಯ ಲೋಕಲ್ ಹಿಡಿಯಬೇಕು. ಎರಡು ವಾರ ಅವರು ಐದಕ್ಕೆ ಎದ್ದು ಬದಲಿಸಿ ಹೋದರು. ನಡುವೆ ಸೋರಿದರೆ ಮಾವ ಯಾರಿಗೂ ಹೇಳದೆ ಟವೆಲ್ ಸುತ್ತಿಕೊಂಡು ಸಂಜೆಯ ತನಕ ಕೂತಿರುತ್ತಿದ್ದರು. ಚರ್ಮ ಹುಣ್ಣಾಯಿತು.

ಮೂರನೇ ವಾರ ನಾನು ಒಂದು ಉದ್ದದ ಕನ್ನಡಿ ತಂದು ಮಂಚದ ಎದುರು ಇಟ್ಟೆ. ಕತ್ತರಿ, ಅಳತೆ ಕಾಗದ ಅವರ ಕೈಗೇ ಕೊಟ್ಟೆ. "ಮಾವ, ಇದು ನಿಮ್ಮ ಲೆಕ್ಕ, ನೀವೇ ನೋಡ್ಕೊಳ್ಳಿ. ನಾನು ಬಾಗಿಲ ಹೊರಗೆ ಇರ್ತೇನೆ, ಬೇಕಾದರೆ ಕರೀರಿ" ಅಂದೆ. ಮೊದಲ ದಿನ ಐವತ್ತು ನಿಮಿಷ ಹಿಡಿಯಿತು. ಬಾಗಿಲ ಹೊರಗೆ ನಿಂತು ನಾನು ಅತ್ತೆಯ ಕೈ ಹಿಡಿದುಕೊಂಡಿದ್ದೆ. ಆಮೇಲೆ ಬಾಗಿಲು ತೆರೆದು ಅವರೇ ಕಸದ ಕವರ್ ಹಿಡಿದು ಬಂದರು. ಅವತ್ತು ರಾತ್ರಿ ಅವರಾಗಿಯೇ ಇನ್ನೊಂದು ದೋಸೆ ಕೇಳಿದರು.

ಕೈ ನಡುಗುವವರು, ಕಣ್ಣು ಕಾಣದವರು ಪೂರ್ತಿ ಮಾಡಲಾರರು, ನಿಜ. ಆದರೂ ಒಂದು ಭಾಗವನ್ನಾದರೂ ಅವರಿಗೇ ಬಿಡಿ. ಒರೆಸುವುದೋ, ಅಂಗೈ ಇಡುವುದೋ. ಮೊದಲೇ ಕತ್ತರಿಸಿದ ಪ್ಲೇಟ್‌ಗಳೂ ಸಿಗುತ್ತವೆ.

ಮುಂಬೈಯಲ್ಲಿರುವವರಿಗೆ ಒಂದು ಅನುಕೂಲ ಇದೆ. ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೇ ಊರಲ್ಲಿದೆ. ಅಲ್ಲಿ ಇಂಥದೇ ಬ್ಯಾಗ್ ಇಟ್ಟುಕೊಂಡು ವರ್ಷಗಟ್ಟಲೆ ಬದುಕುತ್ತಿರುವವರು ಸಿಗುತ್ತಾರೆ. ಅಂಥವರೊಬ್ಬರು ಎದುರಿಗೆ ಕೂತು ಮಾತಾಡಿದರೆ ನಾವು ಹತ್ತು ದಿನ ಸಮಾಧಾನ ಹೇಳಿದ್ದಕ್ಕಿಂತ ಜಾಸ್ತಿ ಧೈರ್ಯ ಬರುತ್ತದೆ. ಚರ್ಮ ಕೆಂಪಾದರೆ, ಸೋರುತ್ತಲೇ ಇದ್ದರೆ ಸ್ಟೋಮಾ ಕ್ಲಿನಿಕ್ಕಿಗೆ ಹೋಗಿ ತೋರಿಸಿ. ಮಳೆಗಾಲದಲ್ಲಿ ಎರಡು ವಾರಕ್ಕಾಗುವಷ್ಟು ಬ್ಯಾಗ್ ಮನೆಯಲ್ಲಿರಲಿ. ಹಿಂದ್‌ಮಾತಾದಲ್ಲಿ ನೀರು ನಿಂತ ದಿನ ಪರೇಲ್‌ಗೆ ಹೋಗಿ ತರುವ ಮಾತೇ ಇಲ್ಲ.

ಸಣ್ಣ ಕರುಳನ್ನು ಹೊರಗೆ ತಂದಿದ್ದರೆ ಕಥೆ ಬೇರೆ. ಆಗ ನೀರಿನಂತೆ ಹೋಗುತ್ತದೆ. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ, ಬಾಯಿ ಒಣಗಿ ಮೂತ್ರ ಕಡಿಮೆಯಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಹಿರಿಯರ ಕಿಡ್ನಿ ಬೇಗ ಸೋಲುತ್ತದೆ.

ಊಟ: ಗಂಜಿ ಮಾತ್ರ ಸಾಲದು

ಕಾಯಿಲೆ ಅಂದರೆ ಗಂಜಿ, ಉಪ್ಪಿನಕಾಯಿ. ನಮ್ಮ ಕುಂದಾಪುರದ ಕಡೆ ಇದು ಹುಟ್ಟಿನಿಂದ ಬಂದ ಪಾಠ. ಗಂಜಿ ಕೆಟ್ಟದ್ದಲ್ಲ, ಹೊಟ್ಟೆಗೆ ಹಿತ. ಆದರೆ ಅದರಲ್ಲಿ ಗಾಯ ಮಾಯಿಸುವ ಪ್ರೊಟೀನ್ ತೀರಾ ಕಡಿಮೆ. ಆಪರೇಷನ್ ಆದ ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. ಮಾವ 52 ಕಿಲೋ ಇದ್ದರು. ಅಂದರೆ ಅರವತ್ತು ಗ್ರಾಂ ಮೇಲೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು, ನೂರು ಗ್ರಾಂ ಮೀನಿನಲ್ಲಿ ಸುಮಾರು ಇಪ್ಪತ್ತು. ಲೆಕ್ಕ ಹಾಕಿ ನೋಡಿ, ಗಂಜಿಯಿಂದ ಅಲ್ಲಿಗೆ ಮುಟ್ಟಲು ಆಗುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಅಳತೆ ನಿರ್ಧರಿಸಬೇಕು.

ನಾವು ಗಂಜಿಯನ್ನು ಬಿಡಲಿಲ್ಲ. ಅದರೊಳಗೆ ಹೆಸರುಬೇಳೆ ಹಾಕಿ ಬೇಯಿಸಿದೆವು. ಇಳಿಸುವಾಗ ಒಂದು ಮೊಟ್ಟೆಯ ಬಿಳಿ ಸೇರಿಸಿ ಕಲಕಿದೆವು. ಮಧ್ಯಾಹ್ನ ಮುಳ್ಳು ತೆಗೆದ ಕಾಣೆ ಮೀನು, ಖಾರ ಕಡಿಮೆ. ಸಸ್ಯಾಹಾರಿಗಳಿಗೆ ಪನೀರ್, ಗಟ್ಟಿ ಮೊಸರು, ತೊವ್ವೆ. ಒಂದೇ ಸಲ ತಟ್ಟೆ ತುಂಬ ಬಡಿಸಿದರೆ ನೋಡಿಯೇ ಹೊಟ್ಟೆ ತುಂಬುತ್ತದೆ. ದಿನಕ್ಕೆ ಆರು ಸಲ, ಸಣ್ಣ ಬಟ್ಟಲಿನಲ್ಲಿ ಕೊಡಿ. ಹಲ್ಲಿನ ಸೆಟ್ ಇದ್ದವರಿಗೆ ಅದು ಸಡಿಲವಾಗಿದೆಯಾ ನೋಡಿ. ತೂಕ ಇಳಿದಾಗ ಸೆಟ್ ಕೂರುವುದಿಲ್ಲ, "ಊಟ ಬೇಡ" ಅನ್ನುವುದಕ್ಕೆ ಅದೇ ಕಾರಣ ಇರಬಹುದು.

ಮೊದಲ ಕೆಲವು ವಾರ ನಾರು ಜಾಸ್ತಿ ಇರುವ ಹಸಿ ತರಕಾರಿ, ತೆಂಗಿನಕಾಯಿ ತುಂಡು, ಕಡಲೆ, ಜೋಳ ಕಡಿಮೆ ಮಾಡಿ. ಕೋಸು, ಈರುಳ್ಳಿ, ಬೇಳೆಕಾಳು ಬ್ಯಾಗಿನಲ್ಲಿ ಗ್ಯಾಸ್ ತುಂಬಿಸಬಹುದು. ಮಜ್ಜಿಗೆ, ಮೊಸರು ವಾಸನೆ ಕಡಿಮೆ ಮಾಡುತ್ತದೆ. ಒಂದೊಂದೇ ಹೊಸ ಪದಾರ್ಥ ಸೇರಿಸಿ ನೋಡಿ. ನಾಲಿಗೆಗೆ ರುಚಿ ಇರಬೇಕು. ಮಾಟುಂಗಾ ಮಾರ್ಕೆಟ್ಟಿನಿಂದ ಮಂಗಳೂರು ಸೌತೆ ತಂದು ಹುಳಿ ಮಾಡಿದ ದಿನ ಮಾವ ನಾಲ್ಕು ತುತ್ತು ಜಾಸ್ತಿ ಉಂಡರು.

ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹೋಗುತ್ತದೆ, ಹಾಲು ಬಿಡಬೇಕು, ಲಕ್ಷ್ಮಣ ಫಲದ ಎಲೆ ಕುದಿಸಿ ಕುಡಿಯಬೇಕು ಅಂತ ವಾಟ್ಸಾಪ್‌ನಲ್ಲಿ ದಿನಕ್ಕೆ ಹತ್ತು ಬರುತ್ತವೆ. ಪ್ರೀತಿಯಿಂದಲೇ ಕಳಿಸುತ್ತಾರೆ. ಆದರೆ ತೂಕ ಇಳಿಯುತ್ತಿರುವ ಹಿರಿಯರ ತಟ್ಟೆಯಿಂದ ಏನನ್ನೂ ತೆಗೆಯಬೇಡಿ. ಡಾಕ್ಟರನ್ನು ಕೇಳದೆ ಯಾವ ಕಷಾಯವನ್ನೂ ಶುರು ಮಾಡಬೇಡಿ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ.

ರಾತ್ರಿ ಗೊಂದಲ ಆದಾಗ

ಇದರ ಬಗ್ಗೆ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಆಪರೇಷನ್ ಆದ ಮೂರನೇ ರಾತ್ರಿ ಮಾವ ವಾರ್ಡಿನಲ್ಲಿ ಎದ್ದು ಕೂತು "ಎರಡು ಸೆಟ್ ದೋಸೆ, ಒಂದು ಕಾಪಿ, ಟೇಬಲ್ ನಾಲ್ಕು" ಅಂತ ಕೂಗಿದರು. ನಾನು ಯಾರು ಅಂತ ಗೊತ್ತಾಗಲಿಲ್ಲ. ಐವತ್ತು ವರ್ಷ ಮುಂಬೈಯಲ್ಲಿ ಮರಾಠಿ, ಹಿಂದಿ ಮಾತಾಡಿದವರು ಅವತ್ತು ಬರೀ ಕುಂದಾಪುರದ ಕನ್ನಡ ಮಾತಾಡಿದರು. ವಾರ್ಡಿನ ಆಯಾ ಮಾವ್ಶಿಗೆ ಒಂದೂ ಅರ್ಥವಾಗಲಿಲ್ಲ.

ಇದು ಅರಳು ಮರುಳಲ್ಲ, ಹುಚ್ಚೂ ಅಲ್ಲ. ಡೆಲಿರಿಯಂ ಅನ್ನುತ್ತಾರೆ. ದೊಡ್ಡ ಆಪರೇಷನ್ ಆದ ಹಿರಿಯರಲ್ಲಿ ಇದು ಆಗಾಗ ಬರುತ್ತದೆ, ಹೆಚ್ಚಿನವರಲ್ಲಿ ಇಳಿಯುತ್ತದೆ. ಹಗಲು ಸರಿ ಇದ್ದು ಸಂಜೆ ಕೆಡುವುದು ಇದರ ಗುಣ. ಕೆಲವರು ಕೂಗುವುದೇ ಇಲ್ಲ, ಸುಮ್ಮನೆ ಮಂಕಾಗಿ ಮಲಗಿರುತ್ತಾರೆ. ಅದನ್ನು "ಶಾಂತವಾಗಿದ್ದಾರೆ" ಅಂದುಕೊಳ್ಳಬೇಡಿ.

ವಾದ ಮಾಡಬೇಡಿ. ಹತ್ತಿರ ಕೂತು, ಹೆಸರು ಹೇಳಿ, ಎಲ್ಲಿದ್ದೇವೆ, ಇವತ್ತು ಯಾವ ವಾರ ಅಂತ ಮೆಲ್ಲಗೆ ಅವರ ಭಾಷೆಯಲ್ಲೇ ಹೇಳಿ. ಕನ್ನಡಕ, ಕಿವಿಯ ಮೆಷಿನ್ ಹಾಕಿಸಿ. ಇವೆರಡೂ ಇಲ್ಲದೆ ಎಚ್ಚರವಾದರೆ ಯಾರಿಗಾದರೂ ದಿಕ್ಕು ತಪ್ಪುತ್ತದೆ. ಹಗಲು ಕಿಟಕಿ ತೆರೆದು ಬೆಳಕು ಬರಲಿ, ದೊಡ್ಡ ಅಂಕಿಯ ಗಡಿಯಾರ ಎದುರಿಗಿರಲಿ. ನಿದ್ದೆ ಮಾತ್ರೆಯನ್ನು ನೀವಾಗಿ ಕೊಡಬೇಡಿ, ಅದರಿಂದ ಗೊಂದಲ ಜಾಸ್ತಿಯಾಗುತ್ತದೆ.

ಮುಖ್ಯ ಮಾತು: ಮನೆಗೆ ಬಂದ ಮೇಲೆ ಹೊಸದಾಗಿ ಗೊಂದಲ ಶುರುವಾದರೆ ಅದರ ಹಿಂದೆ ಏನೋ ಕಾರಣ ಇರುತ್ತದೆ. ಮೂತ್ರ ಕಟ್ಟಿರಬಹುದು, ಸೋಂಕು ಇರಬಹುದು, ಸೋಡಿಯಂ ಇಳಿದಿರಬಹುದು, ನೀರು ಸಾಲದೆ ಇರಬಹುದು, ನೋವಿನ ಮಾತ್ರೆಯೇ ಕಾರಣ ಇರಬಹುದು. ಮಾವನಿಗೆ ಎರಡನೇ ವಾರ ಮತ್ತೆ ಹಾಗಾದಾಗ ಮೂತ್ರದ ಸೋಂಕು ಸಿಕ್ಕಿತು. ಜ್ವರವೇ ಇರಲಿಲ್ಲ. ಔಷಧಿ ಕೊಟ್ಟ ಮೂರನೇ ದಿನಕ್ಕೆ ಸರಿಯಾದರು.

ನೋವಿನ ಮಾತ್ರೆಯನ್ನು ನೋವು ಏರಿದ ಮೇಲೆ ಕೊಡುವುದಲ್ಲ, ಬರೆದ ಹೊತ್ತಿಗೆ ಕೊಡುವುದು. ನೋವಿದ್ದರೆ ಅವರು ಕೆಮ್ಮುವುದಿಲ್ಲ, ನಡೆಯುವುದಿಲ್ಲ. ಮೆಡಿಕಲ್‌ನಿಂದ ಬ್ರೂಫೆನ್‌ನಂಥದ್ದನ್ನು ಕೇಳದೆ ತಂದು ಕೊಡಬೇಡಿ, ಕಿಡ್ನಿಗೆ ಪೆಟ್ಟು.

ಕಾಯದೆ ಫೋನ್ ಮಾಡಬೇಕಾದದ್ದು

ಈ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ: ಜ್ವರ 100.4 ಡಿಗ್ರಿ ಮುಟ್ಟಿದರೆ. ಗಾಯದಿಂದ ಕೀವು, ದುರ್ವಾಸನೆ ಬಂದರೆ. ಒಂದೇ ಕಾಲು ಊದಿ ಮೀನಖಂಡ ನೋವಾದರೆ. ವಾಂತಿ ನಿಲ್ಲದೆ, ಹೊಟ್ಟೆ ಉಬ್ಬಿ, ಬ್ಯಾಗಿಗೆ ಏನೂ ಬಾರದಿದ್ದರೆ. ಮೂತ್ರ ಆರೇಳು ಗಂಟೆ ಹೋಗದಿದ್ದರೆ. ತಟ್ಟನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಡಾಕ್ಟರಿಗೆ ಫೋನ್ ಮಾಡುತ್ತಾ ಕೂರಬೇಡಿ, ಆಂಬ್ಯುಲೆನ್ಸಿಗೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಹಿರಿಯರಿಗೆ ಸೋಂಕಾದಾಗ ಜ್ವರ ಬರಲೇಬೇಕೆಂದಿಲ್ಲ. ನಿನ್ನೆ ನಡೆದವರು ಇವತ್ತು ಏಳುತ್ತಿಲ್ಲ, ಊಟ ಬೇಡ ಅನ್ನುತ್ತಿದ್ದಾರೆ ಅಂದರೆ ಅದೂ ಫೋನ್ ಮಾಡುವ ವಿಷಯವೇ.

ಅವರಿಗೆ ಹೇಳಬೇಕಾ?

"ಗಡ್ಡೆ ತೆಗೆದಿದ್ದಾರೆ ಅಷ್ಟೇ" ಅಂತ ನಾವೂ ಹೇಳಿದ್ದೆವು. ಬಂಧುಗಳಿಗೂ ಹಾಗೇ ಹೇಳಿಕೊಟ್ಟಿದ್ದೆವು. ಒಂದು ಸಂಜೆ ಮಾವ ನಮ್ಮವರನ್ನು ಕರೆದು ಹೇಳಿದರು, "ಫೈಲಿನ ಮೇಲೆ ಆಸ್ಪತ್ರೆಯ ಹೆಸರು ಇದೆ ಮಗ. ನಾನು ಓದ್ತೇನೆ." ಅವರಿಗೆ ಎಲ್ಲ ಗೊತ್ತಿತ್ತು. ನಮಗೆ ಬೇಜಾರಾಗಬಾರದು ಅಂತ ಅವರೇ ಸುಮ್ಮನಿದ್ದರು. ಮನೆಯವರೆಲ್ಲ ಒಬ್ಬರಿಂದ ಒಬ್ಬರು ಮುಚ್ಚಿಟ್ಟುಕೊಂಡು ಎಷ್ಟು ದಿನ ಒಂಟಿಯಾಗಿ ಕಳೆದಿದ್ದೆವು!

ಹೇಳಿ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಸಲ ಎಲ್ಲ ಅಲ್ಲ. ಅವರು ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಿ. ಮುಂದೆ ಕೀಮೋ ಬೇಕಾಗಬಹುದು. ಅದು ಸಾಮಾನ್ಯವಾಗಿ ಆಪರೇಷನ್ ಆಗಿ ಆರರಿಂದ ಎಂಟು ವಾರದೊಳಗೆ ಶುರುವಾಗುತ್ತದೆ. ಬೇಕಾ ಬೇಡವಾ ಎಂಬುದು ಬಯಾಪ್ಸಿ ರಿಪೋರ್ಟಿನ ಮೇಲೆ ನಿಂತಿರುತ್ತದೆ. ಆ ತೀರ್ಮಾನದಲ್ಲಿ ಅವರ ಮಾತೂ ಇರಬೇಕಲ್ವಾ? ಆ ರಿಪೋರ್ಟನ್ನು ತಡ ಮಾಡದೆ ತನ್ನಿ, ಎರಡು ಝೆರಾಕ್ಸ್ ಮಾಡಿಸಿಡಿ.

ನೋಡಲು ಬರುವವರಿಗೆ ಹತ್ತು ನಿಮಿಷ ಸಾಕು. ಶೀತ, ಕೆಮ್ಮು ಇದ್ದವರು ಫೋನಿನಲ್ಲೇ ಮಾತಾಡಲಿ. "ನಮ್ಮ ಚಿಕ್ಕಪ್ಪನಿಗೂ ಇದೇ ಆಗಿತ್ತು, ಆರು ತಿಂಗಳಲ್ಲಿ..." ಅಂತ ಯಾರಾದರೂ ಶುರು ಮಾಡಿದರೆ ನಡುವೆಯೇ ಮಾತು ತಿರುಗಿಸಿ. ಮುಜುಗರ ಬೇಡ.

ನೋಡಿಕೊಳ್ಳುವವರೂ ನಿದ್ದೆ ಮಾಡಬೇಕು. ನಾನು ಮೂರು ವಾರ ಒಬ್ಬಳೇ ರಾತ್ರಿ ಕಾದು, ಒಂದು ಬೆಳಿಗ್ಗೆ ಅವರ ಶುಗರ್ ಮಾತ್ರೆಯನ್ನು ಎರಡು ಸಲ ಕೊಡುವುದರಲ್ಲಿದ್ದೆ. ಅವತ್ತೇ ಪಾಳಿ ಹಾಕಿಕೊಂಡೆವು. ಮಾತ್ರೆಯ ಲೆಕ್ಕ ಮಾವನೇ ತಗೊಂಡರು. ಹಳೇ ಗಲ್ಲಾ ಪುಸ್ತಕದಂತೆ ಗೆರೆ ಎಳೆದು, ಕೊಟ್ಟ ಹೊತ್ತಿಗೆ ಟಿಕ್ ಹಾಕುತ್ತಿದ್ದರು. ಅದಾದ ಮೇಲೆ ಒಂದೂ ತಪ್ಪಿಲ್ಲ.

ಹೊರಗೆ ಹೋಗುವಾಗ

ಮೊದಲ ಒಂದೆರಡು ಸಲ ಟ್ಯಾಕ್ಸಿ. ನಡಿಗೆ ಗಟ್ಟಿಯಾದ ಮೇಲೆ ಲೋಕಲ್ ಆಗುತ್ತದೆ. ದಿವ್ಯಾಂಗರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಪ್ರಯಾಣ ಮಾಡಬಹುದು. ಫೈಲ್ ಕೈಯಲ್ಲಿರಲಿ, ಕೇಳಿದರೆ ತೋರಿಸಿ. ಹನ್ನೊಂದರ ನಂತರದ ಗಾಡಿ ಹಿಡಿಯಿರಿ. ಡೊಂಬಿವಲಿ ಕಡೆಯಿಂದ ಸ್ಲೋ ಲೋಕಲ್ ಹತ್ತಿದರೆ ಪರೇಲ್‌ನಲ್ಲೇ ಇಳಿಯಬಹುದು, ದಾದರ್‌ನ ನೂಕುನುಗ್ಗಲು ತಪ್ಪುತ್ತದೆ.

ಊರಿಂದ ಚಿಕಿತ್ಸೆಗೆ ಬಂದು ಹೋಗುವವರಿಗೆ ರೈಲ್ವೆ ರಿಯಾಯಿತಿ ಇದೆ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ 75 ಶೇಕಡ. ಆಸ್ಪತ್ರೆಯಿಂದ ಅದರ ಫಾರ್ಮ್ ಮಾಡಿಸಿಕೊಂಡು ಬುಕಿಂಗ್ ಕೌಂಟರಿನಲ್ಲಿ ಕೊಡಬೇಕು.

ಜೊತೆಗೆ ಒಂದು ಸಣ್ಣ ಚೀಲ ಯಾವಾಗಲೂ ಇರಲಿ. ಕತ್ತರಿಸಿಟ್ಟ ಒಂದು ಪ್ಲೇಟ್, ಎರಡು ಬ್ಯಾಗ್, ಒದ್ದೆ ಬಟ್ಟೆ, ಒಣ ಬಟ್ಟೆ, ಕಸಕ್ಕೆ ಕಪ್ಪು ಕವರ್, ಒಂದು ಪೈಜಾಮ, ನೀರಿನ ಬಾಟಲಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಟ್ಟು ಹೋಗಬೇಡಿ, ಸೆಕೆಗೆ ಅಂಟು ಕರಗುತ್ತದೆ. ಮಾವ ಇದನ್ನೆಲ್ಲ ಹೋಟೆಲಿನ ದುಡ್ಡು ಬ್ಯಾಂಕಿಗೆ ಒಯ್ಯುತ್ತಿದ್ದ ಹಳೇ ಜಿಪ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಹೊರಡುವ ಮೊದಲು ಅವರೇ ತೆರೆದು ಒಂದೊಂದಾಗಿ ಎಣಿಸುತ್ತಾರೆ. ನಾವು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತೇವೆ.